ಕನ್ಸೋಲ್ ಚಂದಾ: ಕಟ್ಟಬೇಕೇ, ಕಟ್ಟಿದರೆ ಎಷ್ಟು ತಿಂಗಳಿಗೆ?

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್ ಎಂಬ ವಿಡಿಯೊ ಗೇಮ್ ಯಂತ್ರಗಳ (ಕನ್ಸೋಲ್‌ಗಳ) ಆನ್‌ಲೈನ್ ಚಂದಾದ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೇ ಎತ್ತಿಕೊಂಡಿದ್ದೇವೆ. ಲೆಕ್ಕಕ್ಕೆ ಹಿಡಿದಿರುವುದು ಭಾರತದ ದರಗಳು: ಪ್ಲೇಸ್ಟೇಷನ್‌ನ ಚಂದಾ ಆದ ಪ್ಲೇಸ್ಟೇಷನ್ ಪ್ಲಸ್‌ಗೆ 2023ರ ಸೆಪ್ಟೆಂಬರ್ ಪರಿಷ್ಕರಣೆಯ ದರ, ಎಕ್ಸ್‌ಬಾಕ್ಸ್‌ನ ಚಂದಾ ಆದ ಗೇಮ್ ಪಾಸ್‌ಗೆ 2025ರ ಅಕ್ಟೋಬರ್‌ನ ದರ. ಈ ದರಗಳು ಏರುತ್ತಲೇ ಇರುತ್ತವೆ. ನೀವು ಕೊಳ್ಳುವ ದಿನ ಸ್ಟೋರ್‌ನಲ್ಲಿ ಕಾಣುವ ಅಂಕಿ ಹಾಕಿಕೊಂಡು ಇದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಿ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿ. ದೀಪಾವಳಿಗೆ ಪ್ಲೇಸ್ಟೇಷನ್ 5 (ಪಿಎಸ್5) ಕೊಡಿಸಿದೆವು. ಈಗ ‘ಆನ್‌ಲೈನ್ ಆಡಬೇಕಾದರೆ ಪ್ಲಸ್ ಬೇಕಮ್ಮ, ವರ್ಷಕ್ಕೆ 3,949 ರೂಪಾಯಿ’ ಅನ್ನುತ್ತಾನೆ. ಬ್ರಾಡ್‌ಬ್ಯಾಂಡ್‌ಗೆ ತಿಂಗಳು ತಿಂಗಳು ಬಿಲ್ ಕಟ್ಟುತ್ತಲೇ ಇದ್ದೇವೆ. ಮತ್ತೆ ಇದು ಯಾವ ದುಡ್ಡು? ಕಟ್ಟದಿದ್ದರೆ ಕನ್ಸೋಲ್ ಕೆಲಸಕ್ಕೆ ಬರುವುದಿಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಧಾರಾಳವಾಗಿ ಬರುತ್ತದೆ. ಒಬ್ಬರೇ ಕೂತು ಆಡುವ ಆಟಗಳಿಗೆ ಚಂದಾ ಬೇಡ. ಒಂದೇ ಟಿವಿ ಮುಂದೆ ಇಬ್ಬರು ಕಂಟ್ರೋಲರ್ ಹಿಡಿದು ಆಡುವುದಕ್ಕೂ ಬೇಡ. ಅಪ್‌ಡೇಟ್ ಇಳಿಸಿಕೊಳ್ಳಲು, ಸ್ಟೋರ್‌ನಿಂದ ಆಟ ಕೊಳ್ಳಲು, ಯೂಟ್ಯೂಬ್ ನೋಡಲು, ಗೆಳೆಯರೊಂದಿಗೆ ಪಾರ್ಟಿ ಚಾಟ್‌ನಲ್ಲಿ ಮಾತಾಡಲು ಕೂಡ ಬೇಡ. ಚಂದಾ ಬೇಕಾಗುವುದು ಮುಖ್ಯವಾಗಿ ಒಂದೇ ಕಡೆ: ದುಡ್ಡು ಕೊಟ್ಟು ಕೊಂಡ ಆಟದಲ್ಲಿ, ಇಂಟರ್ನೆಟ್ ಮೂಲಕ, ಬೇರೆ ಊರಿನ ಆಟಗಾರರೊಂದಿಗೆ ಆಡುವಾಗ.

ಹಾಗಾಗಿ ಮೊದಲು ಮಗನನ್ನು ಕೇಳಬೇಕಾದ ಪ್ರಶ್ನೆ, ಆನ್‌ಲೈನ್‌ನಲ್ಲಿ ಯಾವ ಆಟ ಆಡಬೇಕು ಎಂದು. ಫೋರ್ಟ್‌ನೈಟ್, ಕಾಲ್ ಆಫ್ ಡ್ಯೂಟಿ ವಾರ್‌ಝೋನ್, ಏಪೆಕ್ಸ್ ಲೆಜೆಂಡ್ಸ್, ರಾಕೆಟ್ ಲೀಗ್, ಇಫುಟ್‌ಬಾಲ್, ಫಾಲ್ ಗೈಸ್, ಗೆನ್‌ಶಿನ್ ಇಂಪ್ಯಾಕ್ಟ್ ಎಂದರೆ ನಯಾಪೈಸೆ ಕೊಡಬೇಕಿಲ್ಲ. ಇವೆಲ್ಲ ಉಚಿತ ಆಟಗಳು, ಪ್ಲಸ್ ಇಲ್ಲದೆಯೇ ಆನ್‌ಲೈನ್ ನಡೆಯುತ್ತವೆ. ಇಎ ಸ್ಪೋರ್ಟ್ಸ್ ಎಫ್‌ಸಿಯಲ್ಲಿ ಗೆಳೆಯರ ವಿರುದ್ಧ ಆನ್‌ಲೈನ್ ಪಂದ್ಯ, ಜಿಟಿಎ ಆನ್‌ಲೈನ್, ವಾರ್‌ಝೋನ್ ಬಿಟ್ಟು ಉಳಿದ ಕಾಲ್ ಆಫ್ ಡ್ಯೂಟಿ ಮಲ್ಟಿಪ್ಲೇಯರ್ ಎಂದರೆ ಬೇಕು. ನಡುವೆ ಇನ್ನೊಂದು ಜಾತಿಯೂ ಇದೆ. ಗ್ರ್ಯಾನ್ ಟುರಿಸ್ಮೊ 7 ಒಬ್ಬರೇ ಆಡುವಾಗಲೂ ಬಹುಪಾಲು ಇಂಟರ್ನೆಟ್ ಕೇಳುತ್ತದೆ, ಆದರೆ ಪ್ಲಸ್ ಕೇಳುವುದಿಲ್ಲ. ಆನ್‌ಲೈನ್ ರೇಸ್‌ಗೆ ಮಾತ್ರ ಪ್ಲಸ್ ಬೇಕು. ಎಲ್ಡನ್ ರಿಂಗ್‌ನಂಥ ಆಟವನ್ನು ಮೊದಲಿನಿಂದ ಕೊನೆಯವರೆಗೆ ಪ್ಲಸ್ ಇಲ್ಲದೆ ಆಡಿ ಮುಗಿಸಬಹುದು. ಬೇರೆ ಆಟಗಾರರನ್ನು ನೆರವಿಗೆ ಕರೆಯುವಾಗ ಮಾತ್ರ ಬೇಕು. ಅನುಮಾನವಿದ್ದರೆ ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಆ ಆಟದ ಪುಟ ತೆರೆಯಿರಿ. ಬೆಲೆಯ ಹತ್ತಿರವೇ ಚಿಕ್ಕ ಅಕ್ಷರದಲ್ಲಿ ‘ಆನ್‌ಲೈನ್ ಪ್ಲೇಗೆ ಪಿಎಸ್ ಪ್ಲಸ್ ಬೇಕು’ ಎಂಬ ಅರ್ಥದ ಇಂಗ್ಲಿಷ್ ಸಾಲು ಇದೆಯೋ ಇಲ್ಲವೋ ನೋಡಿ.

ಬ್ರಾಡ್‌ಬ್ಯಾಂಡ್ ಬಿಲ್ ಕಟ್ಟಿದ ಮೇಲೂ ಇದೇಕೆ ಎಂಬ ನಿಮ್ಮ ಪ್ರಶ್ನೆ ನೂರಕ್ಕೆ ನೂರು ನ್ಯಾಯವಾದದ್ದು. ಕನ್ಸೋಲ್‌ನಲ್ಲಿ ಈ ಪದ್ಧತಿ ಬೇರೂರಿದ್ದು 2002ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಲೈವ್ ತೆರೆದಾಗ. ಪ್ಲೇಸ್ಟೇಷನ್ ತಯಾರಿಸುವ ಸೋನಿ, ಪಿಎಸ್3ರಲ್ಲಿ ಆನ್‌ಲೈನ್ ಆಟವನ್ನು ಉಚಿತವಾಗಿಯೇ ಕೊಟ್ಟಿತ್ತು. 2013ರಲ್ಲಿ ಪಿಎಸ್4 ಬಂದಾಗ ಅದಕ್ಕೂ ಬೇಲಿ ಹಾಕಿತು. ಪಿಸಿಯಲ್ಲಿ 2007ರಲ್ಲಿ ಮೈಕ್ರೋಸಾಫ್ಟ್ ಇದೇ ಶುಲ್ಕ ತರಲು ಹೋಗಿ, ಜನ ಒಪ್ಪದ್ದರಿಂದ 2008ರಲ್ಲಿ ಕೈಬಿಟ್ಟಿತು. ಇವತ್ತಿಗೂ ಅದೇ ಆಟವನ್ನು ಪಿಸಿಯಲ್ಲಿ ಆನ್‌ಲೈನ್ ಆಡಲು ಈ ಶುಲ್ಕವಿಲ್ಲ. ಎಷ್ಟೋ ಆಟಗಳ ಸರ್ವರ್ (ಆಟಗಾರರನ್ನು ಬೆಸೆಯುವ ಕಂಪ್ಯೂಟರ್) ನಡೆಸುವುದು ಆಟ ಮಾಡಿದ ಕಂಪನಿ. ಕೆಲವು ಆಟಗಳಲ್ಲಿ ಸರ್ವರ್ ನೆಪಮಾತ್ರ, ಆಟಗಾರರ ಕನ್ಸೋಲ್‌ಗಳೇ ಒಂದಕ್ಕೊಂದು ನೇರವಾಗಿ ಮಾತಾಡುತ್ತವೆ. ಅಂದರೆ ನೀವು ಕೊಡುವುದು ಬಾಗಿಲು ತೆಗೆಸುವ ದುಡ್ಡು. ಒಳಗಿನ ವೇಗ, ಗುಣಮಟ್ಟ ಯಾವುದಕ್ಕೂ ಅದರಿಂದ ಭರವಸೆ ಸಿಗುವುದಿಲ್ಲ. ಇದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೂ ಮಗನ ಗೆಳೆಯರ ಗುಂಪು ಇರುವುದು ಆ ಬಾಗಿಲ ಒಳಗೇ ಆದರೆ, ಕಡಿಮೆ ಖರ್ಚಿನಲ್ಲಿ ಹೇಗೆ ಹೋಗಬಹುದು ಎಂದು ನೋಡೋಣ.

ಪ್ಲಸ್‌ನ ಮೊದಲ ದರ್ಜೆ ಎಸೆನ್ಷಿಯಲ್. ತಿಂಗಳಿಗೆ 499, ಮೂರು ತಿಂಗಳಿಗೆ 1,199, ವರ್ಷಕ್ಕೆ 3,949 ರೂಪಾಯಿ. ವಾರ್ಷಿಕ ದರ 2022ರಲ್ಲಿ 2,999 ಇತ್ತು, ಆಗ ವರ್ಷಕ್ಕೆ ಕಟ್ಟುವುದೇ ಜಾಣತನ. ಈಗ ಆ ಲೆಕ್ಕ ತಲೆಕೆಳಗಾಗಿದೆ. ಬಿಡಿ ತಿಂಗಳಾಗಿ ಏಳು ತಿಂಗಳು ಕೊಂಡರೆ 3,493. ಮೂರು ತಿಂಗಳ ಚಂದಾವನ್ನು ಮೂರು ಸಲ ಕೊಂಡರೆ ಒಂಬತ್ತು ತಿಂಗಳಿಗೆ 3,597. ಎರಡೂ ವಾರ್ಷಿಕ ದರಕ್ಕಿಂತ ಕಡಿಮೆ. ಒಂಬತ್ತು ತಿಂಗಳಿಗೂ ಮಿಕ್ಕಿ, ಬಿಡುವಿಲ್ಲದೆ ಆನ್‌ಲೈನ್ ಆಡುವವರಿಗೆ ಮಾತ್ರ ವಾರ್ಷಿಕ ಚಂದಾ ಲಾಭ. ಪಿಯುಸಿ ಹುಡುಗ ಪರೀಕ್ಷೆ ಹತ್ತಿರ ಬಂದಾಗ ಹೇಗೂ ಆಡುವುದಿಲ್ಲ, ಆಡಲೂಬಾರದು. ಪರೀಕ್ಷೆ ಮುಗಿದ ವಾರ 1,199ರದ್ದು ಕೊಡಿಸಿ, ರಜೆಯಿಡೀ ಆಡಿಕೊಳ್ಳಲಿ. ಅಲ್ಲಿಯವರೆಗೆ ಉಚಿತ ಆಟಗಳಿವೆ.

ಕೊಂಡ ದಿನವೇ ಆಟೊ ರಿನ್ಯೂ ಆಫ್ ಮಾಡಿಸಿ. ಸೆಟ್ಟಿಂಗ್ಸ್, ಯೂಸರ್ಸ್ ಅಂಡ್ ಅಕೌಂಟ್ಸ್, ಅಕೌಂಟ್, ಪೇಮೆಂಟ್ ಅಂಡ್ ಸಬ್‌ಸ್ಕ್ರಿಪ್ಷನ್ಸ್, ಸಬ್‌ಸ್ಕ್ರಿಪ್ಷನ್ಸ್, ಅಲ್ಲಿ ಪ್ಲೇಸ್ಟೇಷನ್ ಪ್ಲಸ್ – ಇದು ದಾರಿ. ಆಫ್ ಮಾಡಿದ ಮಾತ್ರಕ್ಕೆ ಚಂದಾ ಅರ್ಧಕ್ಕೆ ನಿಲ್ಲುವುದಿಲ್ಲ, ಕಟ್ಟಿದ ಅವಧಿ ಪೂರ್ತಿ ಸಿಗುತ್ತದೆ.

ಪ್ರಶ್ನೆ: ಮನೆಯಲ್ಲಿ ಒಂದೇ ಪಿಎಸ್5. ಅಣ್ಣನ ಖಾತೆಗೆ ಪ್ಲಸ್ ಇದೆ. ನನ್ನ ಖಾತೆಗೆ ಬೇರೆ ಕಟ್ಟಬೇಕೇ? ಆನ್‌ಲೈನ್‌ನಲ್ಲಿ ಕೆಲವರು ಅರ್ಧ ಬೆಲೆಗೆ ‘ಶೇರಿಂಗ್ ಪ್ಲಸ್’ ಕೊಡುತ್ತೇವೆ ಅನ್ನುತ್ತಾರೆ, ಕೊಳ್ಳಬಹುದೇ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಬೇರೆ ಕಟ್ಟಬೇಡಿ. ಅಣ್ಣನ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್, ಯೂಸರ್ಸ್ ಅಂಡ್ ಅಕೌಂಟ್ಸ್, ಅದರ್, ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ ಎಂಬಲ್ಲಿಗೆ ಹೋಗಿ ಎನೇಬಲ್ ಮಾಡಿ. ಆಮೇಲೆ ಆ ಕನ್ಸೋಲ್‌ನಲ್ಲಿ ನಿಮ್ಮ ಖಾತೆಯಿಂದಲೂ ಆನ್‌ಲೈನ್ ಆಡಬಹುದು. ಅಣ್ಣ ಕೊಂಡ ಡಿಜಿಟಲ್ ಆಟಗಳೂ ನಿಮಗೆ ತೆರೆಯುತ್ತವೆ, ನಿಮ್ಮ ಟ್ರೋಫಿ ಮತ್ತು ಸೇವ್ (ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೀರೆಂಬ ದಾಖಲೆ) ನಿಮ್ಮ ಖಾತೆಯಲ್ಲೇ ಇರುತ್ತವೆ. ಒಂದು ಖಾತೆಗೆ ಹೀಗೆ ಹಂಚಲು ಒಂದೇ ಪಿಎಸ್5. ಮುಂದೆ ಮನೆಗೆ ಎರಡನೆಯ ಪಿಎಸ್5 ಬಂದರೂ ಒಂದೇ ಚಂದಾ ಸಾಕು: ಹಂಚಿಕೆ ಆನ್ ಆಗಿರುವ ಕನ್ಸೋಲ್‌ನಲ್ಲಿ ನೀವು ಆಡಿ, ಅಣ್ಣ ಎರಡನೆಯದರಲ್ಲಿ ತನ್ನ ಖಾತೆಗೆ ಲಾಗಿನ್ ಆಗಿ ಆಡಲಿ. ಚಂದಾದಾರ ತಾನು ಲಾಗಿನ್ ಆದಲ್ಲೆಲ್ಲ ಚಂದಾದಾರನೇ.

ಕನ್ಸೋಲ್ ಮಾರುವಾಗ ಇದನ್ನು ಡಿಸೇಬಲ್ ಮಾಡಲು ಮರೆಯಬೇಡಿ. ಮರೆತರೆ ವೆಬ್‌ಸೈಟ್‌ನಿಂದ ತೆಗೆಯಬಹುದು, ಆದರೆ ಆ ಅವಕಾಶ ಆರು ತಿಂಗಳಿಗೆ ಒಂದೇ ಸಲ. ಎಕ್ಸ್‌ಬಾಕ್ಸ್‌ನಲ್ಲಿ ಇದೇ ಸೌಲಭ್ಯಕ್ಕೆ ‘ಮೈ ಹೋಮ್ ಎಕ್ಸ್‌ಬಾಕ್ಸ್’ ಎಂದು ಹೆಸರು. ಜನರಲ್ ಸೆಟ್ಟಿಂಗ್ಸ್‌ನ ಪರ್ಸನಲೈಸೇಷನ್ ಒಳಗಿದೆ, ವರ್ಷಕ್ಕೆ ಐದು ಸಲ ಬದಲಿಸಬಹುದು.

ಇನ್ನು ಅರ್ಧ ಬೆಲೆಯ ‘ಶೇರಿಂಗ್’. ಖಂಡಿತ ಬೇಡ. ಮಾರುವವರು ಮಾಡುವುದು ಇಷ್ಟೇ: ತಮ್ಮ ಯಾವುದೋ ಖಾತೆಯನ್ನು ನಿಮ್ಮ ಕನ್ಸೋಲ್‌ಗೆ ಹಾಕಿಸಿ, ಮೇಲೆ ಹೇಳಿದ ಹಂಚಿಕೆಯನ್ನೇ ಆನ್ ಮಾಡಿಸುವುದು. ಆ ಖಾತೆ ನಿಮ್ಮದಲ್ಲ. ಅವರು ವೆಬ್‌ಸೈಟ್‌ನಿಂದ ಹಂಚಿಕೆ ತೆಗೆದರೆ, ಅಥವಾ ಕದ್ದ ಕಾರ್ಡಿನಿಂದ ಕೊಂಡದ್ದೆಂದು ಖಾತೆಗೆ ಬೀಗ ಬಿದ್ದರೆ, ಅಂದೇ ನಿಮ್ಮ ಆಟವೂ ಬಂದ್. ದೂರು ಕೊಡಲು ನಿಮ್ಮ ಕೈಯಲ್ಲಿ ರಸೀತಿ ಕೂಡ ಇರುವುದಿಲ್ಲ. ಅದರ ಮೇಲೆ, ಇದು ಸೋನಿಯ ನಿಯಮಕ್ಕೂ ವಿರುದ್ಧ.

ಪ್ರಶ್ನೆ: ಎಸೆನ್ಷಿಯಲ್ ವಾರ್ಷಿಕ ಚಂದಾ ಇನ್ನೂ ಹತ್ತು ತಿಂಗಳು ಬಾಕಿ ಇದೆ. ಎಕ್ಸ್‌ಟ್ರಾಗೆ ಏರಿಸಿದರೆ ನೂರಾರು ಆಟ ಸಿಗುತ್ತದಂತೆ. ಒಂದು ತಿಂಗಳ ಮಟ್ಟಿಗೆ ಏರಿಸಿ ನೋಡಬಹುದೇ? ಡಿಸ್ಕ್ ಕೊಂಡು ಆಡಿ ಮಾರುವುದೇ ಒಳ್ಳೆಯದೋ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಒಂದು ತಿಂಗಳ ಮಟ್ಟಿಗೆ ಏರಿಸಲು ಬರುವುದಿಲ್ಲ, ತುಂಬ ಜನ ಎಡವುವುದು ಇಲ್ಲಿಯೇ. ಪ್ಲಸ್ ಚಂದಾ ಚಾಲ್ತಿಯಲ್ಲಿರುವಾಗ ಮೇಲಿನ ದರ್ಜೆಗೆ ಹೋಗಬೇಕೆಂದರೆ ಬಾಕಿ ಉಳಿದ ಅಷ್ಟೂ ದಿನಗಳ ವ್ಯತ್ಯಾಸವನ್ನು ಒಂದೇ ಸಲ ಕಟ್ಟಬೇಕು. ಎಕ್ಸ್‌ಟ್ರಾ ವರ್ಷಕ್ಕೆ 6,699, ಎಸೆನ್ಷಿಯಲ್ 3,949, ವ್ಯತ್ಯಾಸ 2,750. ನಿಮ್ಮ ಹತ್ತು ತಿಂಗಳಿಗೆ ಸುಮಾರು 2,290 ರೂಪಾಯಿ ಆಗುತ್ತದೆ. ರಿಯಾಯಿತಿ ಇದ್ದಾಗ ಎರಡು ಮೂರು ವರ್ಷದ್ದನ್ನು ಮುಂಗಡ ಪೇರಿಸಿಟ್ಟವರ ಪಾಡು ಇನ್ನೂ ಕಷ್ಟ, ಅಷ್ಟೂ ವರ್ಷದ ವ್ಯತ್ಯಾಸ ಕಟ್ಟಿದರೇ ಏರಿಕೆ. ಇಳಿಯುವುದಾದರೆ ಮುಂದಿನ ನವೀಕರಣದ ದಿನದವರೆಗೆ ಕಾಯಬೇಕು. ಹಾಗಾಗಿ ಚಂದಾವನ್ನು ವರ್ಷಗಟ್ಟಲೆ ಪೇರಿಸಿಡಬೇಡಿ ಎಂದು ಎಲ್ಲ ಓದುಗರಿಗೂ ಒತ್ತಿ ಹೇಳುತ್ತೇವೆ. ಎಸೆನ್ಷಿಯಲ್ ಮುಗಿದ ಮರುದಿನ ಎಕ್ಸ್‌ಟ್ರಾವನ್ನು 749 ರೂಪಾಯಿಗೆ ಒಂದೇ ತಿಂಗಳು ಕೊಂಡು ನೋಡುವುದು ಸರಿಯಾದ ಕ್ರಮ.

ಎರಡು ದರ್ಜೆಗಳಲ್ಲಿ ಆಟ ಸಿಗುವ ಬಗೆಯೇ ಬೇರೆ. ಎಸೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ತಿಂಗಳ ಮೊದಲ ಮಂಗಳವಾರ ಕೆಲವು ಆಟ ಬರುತ್ತವೆ. ಆ ತಿಂಗಳೊಳಗೆ ‘ಆ್ಯಡ್ ಟು ಲೈಬ್ರರಿ’ ಒತ್ತಿದರೆ ಚಂದಾ ಇರುವಷ್ಟು ಕಾಲ ಅವು ನಿಮ್ಮವು. ಚಂದಾ ಮುಗಿದರೆ ಬೀಗ, ಮತ್ತೆ ಕಟ್ಟಿದರೆ ಬೀಗ ತೆರೆಯುತ್ತದೆ. ಡೌನ್‌ಲೋಡ್ ಮಾಡಬೇಕೆಂದಿಲ್ಲ, ಒತ್ತಿಟ್ಟರೆ ಸಾಕು. ಇದನ್ನು ಮೊಬೈಲಿನ ಪ್ಲೇಸ್ಟೇಷನ್ ಆ್ಯಪ್‌ನಿಂದಲೂ ಮಾಡಬಹುದು. ಎಕ್ಸ್‌ಟ್ರಾದ ಪಟ್ಟಿ ಹಾಗಲ್ಲ. ಅದು ಬಾಡಿಗೆ ಪುಸ್ತಕದ ಕಪಾಟು ಇದ್ದಂತೆ, ಮಾಲೀಕ ಯಾವಾಗ ಬೇಕಾದರೂ ಪುಸ್ತಕ ವಾಪಸ್ ತೆಗೆಯುತ್ತಾನೆ. ಚಂದಾ ಚಾಲ್ತಿಯಲ್ಲಿದ್ದರೂ ಪಟ್ಟಿಯಿಂದ ಹೋದ ಆಟ ತೆರೆಯುವುದಿಲ್ಲ. ಅದಕ್ಕೆಂದು ಕೊಂಡ ಹೆಚ್ಚುವರಿ ಭಾಗಗಳು ನಿಮ್ಮ ಹೆಸರಿನಲ್ಲೇ ಉಳಿಯುತ್ತವೆ, ಆದರೆ ಮೂಲ ಆಟ ಇಲ್ಲದೆ ಅವು ನಿರುಪಯೋಗಿ. ಎಕ್ಸ್‌ಬಾಕ್ಸ್ ಗೇಮ್ ಪಾಸ್‌ನ ರೀತಿಯೂ ಇದೇ. ಜಿಟಿಎ 5 ಅಲ್ಲಿಗೆ 2020ರ ಜನವರಿಯಲ್ಲಿ ಬಂದು ಮೇ ತಿಂಗಳಲ್ಲಿ ಹೋಯಿತು. 2021ರ ಏಪ್ರಿಲ್‌ನಲ್ಲಿ ಮರಳಿ ಬಂದು ಆಗಸ್ಟ್‌ನಲ್ಲಿ ಹೋಯಿತು. 2023ರ ಜುಲೈನಲ್ಲಿ ಬಂದದ್ದು 2024ರ ಜನವರಿಯಲ್ಲಿ ಮತ್ತೆ ಹೋಯಿತು. ನಿಧಾನವಾಗಿ, ವಾರಕ್ಕೊಂದು ಗಂಟೆ ಆಡುವವರಿಗೆ ಇದರಿಂದ ನಿಜವಾದ ನಷ್ಟ. ಎಕ್ಸ್‌ಟ್ರಾದ ಪಟ್ಟಿಯಲ್ಲಿ ‘ಲಾಸ್ಟ್ ಚಾನ್ಸ್ ಟು ಪ್ಲೇ’ ಎಂಬ ವಿಭಾಗವಿದೆ, ಉದ್ದದ ಆಟ ಶುರು ಮಾಡುವ ಮುಂಚೆ ಅಲ್ಲಿ ಕಣ್ಣಾಡಿಸಿ.

ಸೋನಿಯ ಸ್ವಂತ ದೊಡ್ಡ ಆಟಗಳು ಬಿಡುಗಡೆಯ ದಿನವೇ ಎಕ್ಸ್‌ಟ್ರಾಗೆ ಬರುತ್ತವೆ ಎಂದು ಕಾಯಬೇಡಿ. ಹೊರೈಜನ್ ಫರ್ಬಿಡನ್ ವೆಸ್ಟ್ 2022ರ ಫೆಬ್ರವರಿಯದು, ಎಕ್ಸ್‌ಟ್ರಾಗೆ ಬಂದದ್ದು 2023ರ ಫೆಬ್ರವರಿಯಲ್ಲಿ. ರ್‍ಯಾಚೆಟ್ ಅಂಡ್ ಕ್ಲ್ಯಾಂಕ್ ರಿಫ್ಟ್ ಅಪಾರ್ಟ್ 2021ರ ಜೂನ್‌ನದು, ಬಂದದ್ದು 2023ರ ಮೇನಲ್ಲಿ. ಹೊಸದು ಹೊಸದಾಗಿರುವಾಗಲೇ ಬೇಕೆನ್ನುವವರಿಗೆ ಡಿಸ್ಕ್ ವಾಸಿ: 4,999ಕ್ಕೆ ಕೊಂಡು, ಮೂರು ವಾರದಲ್ಲಿ ಮುಗಿಸಿ, ಬೆಲೆ ಇಳಿಯುವ ಮೊದಲೇ ಮಾರಿಬಿಡಿ. ತಡವಾದಷ್ಟೂ ಕೈಗೆ ಬರುವ ಹಣ ಕಡಿಮೆ. ಮಾರುವಾಗ ಕವರ್, ಒಳಗಿನ ಚೀಟಿ, ಗೀರಿಲ್ಲದ ಡಿಸ್ಕ್ ಇರಲಿ. ಡಿಸ್ಕ್ ಜೊತೆ ಬಂದ ಡೌನ್‌ಲೋಡ್ ಕೋಡ್ ಒಮ್ಮೆ ಬಳಸಿದ ಮೇಲೆ ಎರಡನೆಯವರಿಗೆ ಕೆಲಸ ಮಾಡುವುದಿಲ್ಲ ಎಂದು ಮೊದಲೇ ಹೇಳಿ. ಹಳೆಯ ಆಟಗಳನ್ನು ತಿಂಗಳಿಗೆ ಎರಡು ಮೂರರಂತೆ ಮುಗಿಸುವ ಹುರುಪಿದ್ದರೆ ಎಕ್ಸ್‌ಟ್ರಾ ಅಗ್ಗ. ಆದರೂ ವರ್ಷವಿಡೀ ಬೇಡ. 749ರ ಒಂದು ತಿಂಗಳು, ಇಲ್ಲವೇ 1,999ರ ಮೂರು ತಿಂಗಳು ಕೊಂಡು, ಮೊದಲೇ ಗುರುತು ಹಾಕಿಟ್ಟ ಆಟಗಳನ್ನು ಆಡಿ ಮುಗಿಸಿ, ನಿಲ್ಲಿಸಿ. ಮೂರನೆಯ ದರ್ಜೆ ಡಿಲಕ್ಸ್‌ನಲ್ಲಿ ಹೆಚ್ಚಿಗೆ ಸಿಗುವುದು ಹಳೆಯ ಕಾಲದ ಪ್ಲೇಸ್ಟೇಷನ್ ಆಟಗಳು ಮತ್ತು ಕೆಲವು ಹೊಸ ಆಟಗಳ ಟ್ರಯಲ್. ಹಳೆಯ ಆಟಗಳ ಮೇಲೆ ಪ್ರೀತಿ ಇಲ್ಲದವರು ಅತ್ತ ಹೋಗಬೇಕಿಲ್ಲ.

ಜಾಗ, ಡೇಟಾ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊದಲ ಮಾದರಿಯ ಪಿಎಸ್5ರ 825 ಜಿಬಿಯಲ್ಲಿ ಬಳಕೆಗೆ ಸಿಗುವುದು 667 ಜಿಬಿ. 100 ಜಿಬಿಯ ಆಟ ಆರೇಳಾದರೆ ತುಂಬಿತು. ಅಷ್ಟು ದೊಡ್ಡ ಆಟ 50 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಯಲು ಪೂರ್ತಿ ವೇಗ ಸಿಕ್ಕರೂ ನಾಲ್ಕೂವರೆ ಗಂಟೆ ಬೇಕು. ರಾತ್ರಿ ಇಳಿಯಲು ಬಿಟ್ಟು ಕನ್ಸೋಲನ್ನು ರೆಸ್ಟ್ ಮೋಡ್‌ನಲ್ಲಿಡಿ. ರೆಸ್ಟ್ ಮೋಡ್‌ನಲ್ಲಿ ಇಂಟರ್ನೆಟ್ ಸಂಪರ್ಕ ಉಳಿಯುವ ಆಯ್ಕೆ ಪವರ್ ಸೇವಿಂಗ್ ವಿಭಾಗದಲ್ಲಿ ಆನ್ ಆಗಿರಲಿ.

ಪ್ರಶ್ನೆ: ಪ್ಲಸ್ ಕಟ್ಟಿದ ಮೇಲೂ ಜಿಟಿಎ ಆನ್‌ಲೈನ್‌ನಲ್ಲಿ ಲ್ಯಾಗ್, ಆಟ ತಡೆದು ತಡೆದು ಸಾಗುತ್ತದೆ. ಗೆಳೆಯರ ಸೆಷನ್‌ಗೆ ಸೇರಲು ಹೋದರೆ ಅರ್ಧಕ್ಕರ್ಧ ಸಲ ಆಗುವುದಿಲ್ಲ, ಧ್ವನಿ ಕೇಳುವುದಿಲ್ಲ. ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ತೋರಿಸುತ್ತದೆ. ಬ್ರಾಡ್‌ಬ್ಯಾಂಡ್‌ನವರು ‘ನಮ್ಮದು ಸರಿ ಇದೆ’ ಅನ್ನುತ್ತಾರೆ. ಮೇಲಿನ ದರ್ಜೆಗೆ ಹೋದರೆ ಸರಿಹೋಗುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಹೋಗುವುದಿಲ್ಲ. ಯಾವ ದರ್ಜೆಯೂ ಲ್ಯಾಗ್ ಕಡಿಮೆ ಮಾಡುವುದಿಲ್ಲ. ನೀವು ಹೇಳುವ ಲಕ್ಷಣಗಳು ನ್ಯಾಟ್ (ಮನೆಯ ಎಲ್ಲ ಸಾಧನಗಳಿಗೆ ರೂಟರ್ ಒಂದೇ ಐಪಿ ವಿಳಾಸ ಹಂಚುವ ಏರ್ಪಾಡು) ತೊಂದರೆಯವು. ಜಿಟಿಎ ಆನ್‌ಲೈನ್‌ನಲ್ಲಿ ಆಟಗಾರರ ಕನ್ಸೋಲ್‌ಗಳು ಪರಸ್ಪರ ನೇರ ಸಂಪರ್ಕ ಸಾಧಿಸಬೇಕು. ಹೊರಗಿನವರು ನಿಮ್ಮ ಕನ್ಸೋಲ್ ತಲುಪುವ ದಾರಿ ಮುಚ್ಚಿದ್ದರೆ ಸ್ಪೀಡ್ ಎಷ್ಟಿದ್ದೂ ಪ್ರಯೋಜನವಿಲ್ಲ.

ಸೆಟ್ಟಿಂಗ್ಸ್, ನೆಟ್‌ವರ್ಕ್, ಕನೆಕ್ಷನ್ ಸ್ಟೇಟಸ್‌ಗೆ ಹೋಗಿ ಇಂಟರ್ನೆಟ್ ಟೆಸ್ಟ್ ಮಾಡಿ. ನ್ಯಾಟ್ ಟೈಪ್ 2 ಬಂದರೆ ಸಾಕು, ಟೈಪ್ 1 ಬರಲೇಬೇಕೆಂದು ಹಟ ಬೇಡ. ಟೈಪ್ 3 ಬಂದರೆ ಅದೇ ರೋಗ. ಎಕ್ಸ್‌ಬಾಕ್ಸ್‌ನಲ್ಲಿ ಇದು ‘ಸ್ಟ್ರಿಕ್ಟ್’ ಎಂದು ಕಾಣುತ್ತದೆ.

ಮೊದಲ ಕಾರಣ, ಮನೆಯಲ್ಲಿ ಎರಡು ರೂಟರ್. ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯೂ ರೂಟರ್ ಕೆಲಸ ಮಾಡುತ್ತಿರುತ್ತದೆ, ನೀವು ಕೊಂಡು ಹಾಕಿದ ವೈಫೈ ಪೆಟ್ಟಿಗೆಯೂ ಅದನ್ನೇ ಮಾಡುತ್ತಿರುತ್ತದೆ. ನಿಮ್ಮದನ್ನು, ಅದು ಬರೀ ವೈಫೈ ಹರಡುವಂತೆ, ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ. ಆಮೇಲೆ ಮುಖ್ಯ ರೂಟರ್‌ನಲ್ಲಿ ಯುಪಿಎನ್‌ಪಿ (ಕನ್ಸೋಲ್‌ಗೆ ಬೇಕಾದ ದಾರಿಯನ್ನು ರೂಟರ್ ತಾನಾಗಿ ತೆರೆಯುವ ಆಯ್ಕೆ) ಆನ್ ಮಾಡಿ, ರೂಟರ್ ಮತ್ತು ಕನ್ಸೋಲ್ ಎರಡನ್ನೂ ಆಫ್ ಮಾಡಿ ಆನ್ ಮಾಡಿ. ಇಷ್ಟರಲ್ಲೇ ಬಹಳ ಮನೆಗಳಲ್ಲಿ ಟೈಪ್ 2 ಬರುತ್ತದೆ.

ಬಾರದಿದ್ದರೆ ಎರಡನೆಯ ಕಾರಣ, ಕಂಪನಿಯ ಕಡೆಯ ಸಿಜಿನ್ಯಾಟ್. ಸಾರ್ವಜನಿಕ ಐಪಿ ವಿಳಾಸಗಳು ಸಾಲದೆ ಹಲವು ಮನೆಗಳಿಗೆ ಒಂದೇ ವಿಳಾಸ ಹಂಚುವ ಏರ್ಪಾಡು ಇದು. ಪತ್ತೆ ಸುಲಭ: ರೂಟರ್‌ನ ಪುಟದಲ್ಲಿ ವ್ಯಾನ್ ಐಪಿ ಎಂಬ ಸಂಖ್ಯೆ ಬರೆದುಕೊಳ್ಳಿ. ಅದೇ ವೈಫೈಗೆ ಸೇರಿದ ಮೊಬೈಲ್‌ನಲ್ಲಿ, ನಿಮ್ಮ ಐಪಿ ತೋರಿಸುವ ಯಾವುದಾದರೂ ವೆಬ್‌ಸೈಟ್ ತೆರೆದು ಅಲ್ಲಿನ ಐಪಿವಿ4 ಸಂಖ್ಯೆಯೊಂದಿಗೆ ಹೋಲಿಸಿ. ಬೇರೆ ಬೇರೆ ಇದ್ದರೆ, ಅದರಲ್ಲೂ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಶುರುವಾದರೆ, ಸಿಜಿನ್ಯಾಟ್ ಖಚಿತ. ಆಗ ರೂಟರ್‌ನಲ್ಲಿ ಏನು ತಿರುಗಿಸಿದರೂ, ಯಾವ ಪೋರ್ಟ್ ತೆರೆದರೂ ವ್ಯರ್ಥ. ಸಹಾಯವಾಣಿಗೆ ‘ಲ್ಯಾಗ್ ಇದೆ’ ಎಂದು ಹೇಳಬೇಡಿ, ಅವರು ಸ್ಪೀಡ್ ಟೆಸ್ಟ್ ಮಾಡಿಸಿ ಫೋನ್ ಇಡುತ್ತಾರೆ. ‘ನಾನು ಸಿಜಿನ್ಯಾಟ್ ಹಿಂದೆ ಇದ್ದೇನೆ, ಪಬ್ಲಿಕ್ ಐಪಿ ಅಥವಾ ಸ್ಟ್ಯಾಟಿಕ್ ಐಪಿ ಬೇಕು’ ಎಂದೇ ಕೇಳಿ. ಹೆಚ್ಚುವರಿ ಮಾಸಿಕ ಶುಲ್ಕವಿದ್ದರೆ ಎಷ್ಟೆಂದು ಮೊದಲೇ ತಿಳಿದುಕೊಳ್ಳಿ. ಈ ಆಟಕ್ಕೆ ಪ್ಲಸ್‌ಗಿಂತ ಆ ದುಡ್ಡೇ ಹೆಚ್ಚು ಕೆಲಸ ಮಾಡುತ್ತದೆ.

ಉಳಿದ ಲ್ಯಾಗ್‌ಗೆ ಮನೆಯೊಳಗೇ ಮದ್ದಿದೆ. 2.4 ಗಿಗಾಹರ್ಟ್ಸ್ ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆಯಿರಿ. ಆಗದಿದ್ದರೆ 5 ಗಿಗಾಹರ್ಟ್ಸ್. ಆಟದ ಹೊತ್ತಿಗೆ ಫೋನ್‌ಗಳ ಫೋಟೊ ಬ್ಯಾಕಪ್, ಕ್ಲೌಡ್ ಕ್ಯಾಮೆರಾ ಅಪ್‌ಲೋಡ್ ನಡೆಯುತ್ತಿದ್ದರೆ ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿ ಬರುವ ಸಮಯ) ಏರುತ್ತದೆ, ಡೌನ್‌ಲೋಡ್ ವೇಗ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಸರ್ವರ್ ದೂರವಿದ್ದರೆ ಮಾತ್ರ ಯಾರೂ ಏನೂ ಮಾಡಲಾಗದು. ಫೈಬರ್‌ನಲ್ಲಿ ಬೆಳಕು ಸಾವಿರ ಕಿಲೋಮೀಟರ್ ಹೋಗಿ ಬರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಮುಂಬೈ ಸರ್ವರ್ ಇರುವ ಆಟಕ್ಕೂ ಸಿಂಗಪುರದ ಸರ್ವರ್ ಇರುವ ಆಟಕ್ಕೂ ಕಾಣುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಈ ದೂರದ್ದು. ಆಟದೊಳಗೆ ಸರ್ವರ್ ಆರಿಸುವ ಅವಕಾಶವಿದ್ದರೆ ಹತ್ತಿರದ್ದನ್ನು ಆರಿಸಿ.

ಪ್ರಶ್ನೆ: ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇದೆ. ಗೇಮ್ ಪಾಸ್‌ನ ಅತಿ ಮೇಲಿನ ದರ್ಜೆ ಅಲ್ಟಿಮೇಟ್ ತಿಂಗಳಿಗೆ 829ರಿಂದ 1,389 ಆಯಿತು. ಬಿಡಬೇಕೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಅಲ್ಟಿಮೇಟ್ ಬಿಡಿ, ಗೇಮ್ ಪಾಸ್ ಪೂರ್ತಿ ಬಿಡಬೇಡಿ. 1,389ರಂತೆ ವರ್ಷಕ್ಕೆ 16,668 ರೂಪಾಯಿ. 4,999ರ ಮೂರು ಹೊಚ್ಚ ಹೊಸ ಆಟ ಕೊಂಡು ಇನ್ನೂ ದುಡ್ಡು ಮಿಗುತ್ತದೆ, ಆ ಆಟಗಳು ನಿಮ್ಮ ಖಾತೆಯಲ್ಲೇ ಇರುತ್ತವೆ. ಹೊಸ ಆಟಗಳನ್ನು ಬಿಡುಗಡೆಯ ದಿನವೇ ಆಡುವ, ಪಿಸಿಯಲ್ಲೂ ಆಡುವ ಅಭ್ಯಾಸ ಇದ್ದವರಿಗೆ ಮಾತ್ರ ಆ ದರ ಸರಿಹೊಂದೀತು. ಅವರೂ ತಮಗೆ ಬೇಕಾದ ಆಟ ಬಂದ ತಿಂಗಳು ಕೊಂಡು ಮುಂದಿನ ತಿಂಗಳು ನಿಲ್ಲಿಸುವುದು ಮೇಲು.

ಆದರೆ ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವ, ಆಡಿ ಮಾರುವ, ಗೆಳೆಯರಿಂದ ತರುವ ದಾರಿಗಳೆಲ್ಲ ನಿಮಗೆ ಮುಚ್ಚಿವೆ. ಹಾಗಾಗಿ ಪಿಎಸ್5 ಡಿಸ್ಕ್ ಮಾದರಿಯವರಿಗಿಂತ ನಿಮಗೆ ಆಟಗಳ ಪಟ್ಟಿ ಹೆಚ್ಚು ಬೆಲೆಬಾಳುತ್ತದೆ. 699ರ ಪ್ರೀಮಿಯಂ ನಿಮಗೆ ಸರಿಯಾದ ದರ್ಜೆ. ಬರೀ ಆನ್‌ಲೈನ್ ಆಟಕ್ಕಾದರೆ ಗೇಮ್ ಪಾಸ್‌ನ 499ರ ಎಸೆನ್ಷಿಯಲ್ ಸಾಕು, ಅದರಲ್ಲೂ ಒಂದು ಸಣ್ಣ ಪಟ್ಟಿ ಇದೆ. ಉಚಿತ ಆಟಗಳಿಗೆ 2021ರ ಏಪ್ರಿಲ್‌ನಿಂದ ಎಕ್ಸ್‌ಬಾಕ್ಸ್‌ನಲ್ಲೂ ಚಂದಾ ಬೇಡ. 512 ಜಿಬಿ ಮಾದರಿಯಲ್ಲಿ ಬಳಕೆಗೆ ಸಿಗುವುದು 364 ಜಿಬಿ ಮಾತ್ರ, ಒಂದೇ ಸಲ ಹತ್ತಾರು ಆಟ ಇಳಿಸಿಕೊಳ್ಳುವ ಆಸೆ ಬೇಡ.

ಪ್ರಶ್ನೆ: ದುಬೈಯಿಂದ ಊರಿಗೆ ಮರಳುತ್ತಿದ್ದೇವೆ. ಮಕ್ಕಳ ಪಿಎಸ್5 ಮತ್ತು ಸ್ವಿಚ್ ಎರಡರ ಖಾತೆಗಳೂ ಅಲ್ಲಿಯವು. ಮಂಗಳೂರಿನಲ್ಲಿ ಚಂದಾ ಮುಂದುವರಿಸುವುದು ಹೇಗೆ?
– ಓದುಗರೊಬ್ಬರು, ದುಬೈ

ಉತ್ತರ: ಯಂತ್ರಗಳಿಗೆ ತೊಂದರೆ ಇಲ್ಲ, ಪಿಎಸ್5ಕ್ಕಾಗಲಿ ಅದರ ಆಟದ ಡಿಸ್ಕ್‌ಗಾಗಲಿ ದೇಶದ ಬೀಗವಿಲ್ಲ. ಬೀಗ ಇರುವುದು ಖಾತೆಗೆ. ಪ್ಲೇಸ್ಟೇಷನ್ ಖಾತೆಯ ದೇಶವನ್ನು ಒಮ್ಮೆ ಆರಿಸಿದ ಮೇಲೆ ಬದಲಿಸಲು ಬರುವುದಿಲ್ಲ. ಯುಎಇ ಖಾತೆಗೆ ಭಾರತದ ವ್ಯಾಲೆಟ್ ಕೋಡ್ (ಖಾತೆಗೆ ಹಣ ತುಂಬುವ ಕೋಡ್) ಸೇರುವುದಿಲ್ಲ. ಆ ಖಾತೆಯಲ್ಲಿ ಡಿಜಿಟಲ್ ಆಟಗಳು ತುಂಬ ಇದ್ದರೆ ಅದನ್ನು ಉಳಿಸಿಕೊಂಡು, ಭಾರತದ ಹೊಸ ಖಾತೆ ತೆರೆದು ಪ್ಲಸ್ ಅದಕ್ಕೆ ಕೊಳ್ಳಿ. ಹುಬ್ಬಳ್ಳಿಯ ವಿದ್ಯಾರ್ಥಿಗೆ ಹೇಳಿದ ಹಂಚಿಕೆಯನ್ನು ಎರಡೂ ಖಾತೆಗಳಿಂದ ಆನ್ ಮಾಡಿದರೆ ಹಳೆಯ ಖಾತೆಯೂ ಆನ್‌ಲೈನ್ ಆಡುತ್ತದೆ. ಒಂದು ಎಚ್ಚರ: ಡಿಸ್ಕ್ ಯಾವ ದೇಶದ್ದೋ ಅದರ ಹೆಚ್ಚುವರಿ ಭಾಗಗಳನ್ನೂ ಅದಕ್ಕೆ ಹೊಂದುವ ದೇಶದ ಖಾತೆಯಿಂದಲೇ ಕೊಳ್ಳಬೇಕು, ಇಲ್ಲದಿದ್ದರೆ ಅವು ಆಟಕ್ಕೆ ಕೂಡುವುದಿಲ್ಲ.

ಸ್ವಿಚ್‌ನಲ್ಲಿ ದೇಶ ಬದಲಿಸುವುದು ಸುಲಭ, ವ್ಯಾಲೆಟ್‌ನಲ್ಲಿ ಹಣ ಉಳಿದಿರಬಾರದು ಅಷ್ಟೆ. ಭಾರತಕ್ಕೆಂದೇ ನಿಂಟೆಂಡೊ ಇಶಾಪ್ (ಅದರ ಆನ್‌ಲೈನ್ ಅಂಗಡಿ) ಇಲ್ಲದ ಕಾರಣ ಇಲ್ಲಿಯವರು ಅಮೆರಿಕದಂಥ ಬೇರೆ ದೇಶದ ಖಾತೆ ಇಟ್ಟುಕೊಂಡು, ಆ ದೇಶದ ಗಿಫ್ಟ್ ಕಾರ್ಡ್‌ನಿಂದ ಕೊಳ್ಳುತ್ತಾರೆ. ಅಮೆರಿಕದ ದರದಲ್ಲಿ ಒಬ್ಬರಿಗೆ ವರ್ಷಕ್ಕೆ 19.99 ಡಾಲರ್, ಎಂಟು ಖಾತೆಗಳವರೆಗಿನ ಕುಟುಂಬ ಚಂದಾ 34.99 ಡಾಲರ್. ಒಂಟಿ ಚಂದಾವನ್ನು ಅದೇ ಸ್ವಿಚ್‌ನ ಎರಡನೆಯ ಮಗು ಬಳಸಲಾಗದು. ಆದ್ದರಿಂದ ಎರಡು ಮಕ್ಕಳಿದ್ದರೆ ಕುಟುಂಬ ಚಂದಾವೇ ಅಗ್ಗ. ಮೂರು ಕಂಪನಿಗಳ ಪೈಕಿ ದುಡ್ಡಿಗೆ ತಕ್ಕದ್ದು ಇದೊಂದೇ ಎನ್ನಬಹುದು. 49.99 ಡಾಲರ್‌ನ ಎಕ್ಸ್‌ಪಾನ್ಷನ್ ಪ್ಯಾಕ್ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆವು. ನಿಂಟೆಂಡೊ 64ರ ಹಳೆಯ ಆಟಗಳ ಆಸೆ ಮಕ್ಕಳಿಗೆ ಇರುವುದು ಅಪರೂಪ.

ಪ್ರಶ್ನೆ: ಚಂದಾ ನಿಲ್ಲಿಸಿದರೆ ಸೇವ್ ಮಾಡಿದ ಆಟ ಅಳಿಸಿಹೋಗುತ್ತದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕನ್ಸೋಲ್ ಒಳಗಿರುವ ಸೇವ್ ಎಲ್ಲಿಗೂ ಹೋಗುವುದಿಲ್ಲ. ಕ್ಲೌಡ್‌ನ ಪ್ರತಿ ಮಾತ್ರ ಕೈಗೆ ಸಿಗದಂತಾಗುತ್ತದೆ. ಎಕ್ಸ್‌ಬಾಕ್ಸ್‌ನಲ್ಲಿ ಕ್ಲೌಡ್ ಸೇವ್ ಎಲ್ಲರಿಗೂ ಉಚಿತ. ನಿಂಟೆಂಡೊ, ಚಂದಾ ಮುಗಿದು 180 ದಿನಗಳೊಳಗೆ ಮತ್ತೆ ಕಟ್ಟಿದವರಿಗೆ ಹಳೆಯ ಸೇವ್ ಮರಳಿ ಕೊಡುತ್ತದೆ. ತೊಡಕಿರುವುದು ಪಿಎಸ್5ರಲ್ಲಿ: ಪಿಎಸ್4 ಆಟಗಳ ಸೇವ್ ಅನ್ನು ಪೆನ್‌ಡ್ರೈವ್‌ಗೆ ನಕಲು ಮಾಡಬಹುದು, ಪಿಎಸ್5 ಆಟಗಳದ್ದನ್ನು ಹಾಗೆ ಬಿಡಿಬಿಡಿಯಾಗಿ ಮಾಡಲು ಬಿಡುವುದಿಲ್ಲ. ಆದ್ದರಿಂದ ಪ್ಲಸ್ ಇಲ್ಲದ ತಿಂಗಳಲ್ಲಿ ಕನ್ಸೋಲ್ ರಿಪೇರಿಗೆ ಕೊಡುವುದಿದ್ದರೆ, ಅಥವಾ ಮಾರಿ ಹೊಸದು ತರುವುದಿದ್ದರೆ, ಆ ಒಂದು ತಿಂಗಳಿಗೆ 499 ಕಟ್ಟಿ ಎಲ್ಲವನ್ನೂ ಕ್ಲೌಡ್‌ಗೆ ಏರಿಸಿಕೊಳ್ಳಿ.

ಪ್ರಶ್ನೆ: ಕಾರ್ಡ್‌ನಿಂದ ನವೀಕರಣ ಆಗದೆ ಚಂದಾ ನಿಂತಿತು. ಮತ್ತೆ ಕಟ್ಟಿದ ಮೇಲೆ ಬೇಡ ಅನ್ನಿಸಿದರೆ ಹಣ ವಾಪಸ್ ಬರುತ್ತದೆಯೇ?
– ಓದುಗರೊಬ್ಬರು, ಉಡುಪಿ

ಉತ್ತರ: 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡ್‌ನಿಂದ ತಾನಾಗಿ ಹಣ ಕಡಿತವಾಗಲು ಮೊದಲು ನಿಮ್ಮ ಒಪ್ಪಿಗೆಯ ಇ-ಮ್ಯಾಂಡೇಟ್ ಇರಬೇಕು, ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ ಬರಬೇಕು. ಅದು ನೋಂದಣಿಯಾಗಿರದ ಕಾರ್ಡ್‌ನಲ್ಲಿ ನವೀಕರಣ ಬೀಳುತ್ತದೆ. ಇದು ಗ್ರಾಹಕರಿಗೆ ಒಳ್ಳೆಯದೇ. ಕಾರ್ಡ್ ಜೋಡಿಸುವ ಬದಲು ನಂಬಿಕಸ್ತ ಅಂಗಡಿಯಿಂದ ಭಾರತದ ವ್ಯಾಲೆಟ್ ಕೋಡ್ ಕೊಂಡು ಹಾಕಿ, ಚಂದಾಕ್ಕೆ ಬೇಕಾದಷ್ಟೇ ಹಾಕಿ. ಸೋನಿ ಮೊದಲ ಖರೀದಿಯಿಂದ 14 ದಿನಗಳೊಳಗೆ ರದ್ದು ಮಾಡಲು ಬಿಡುತ್ತದೆ. ಬಳಸಿದ ದಿನಗಳ ಲೆಕ್ಕ ಕಳೆದು ಉಳಿದದ್ದನ್ನು ಕೊಡಬಹುದು. ಅರ್ಜಿ ಹಾಕುವಾಗ ಖರೀದಿಯ ಇಮೇಲ್‌ನಲ್ಲಿರುವ ಆರ್ಡರ್ ಸಂಖ್ಯೆ ಕೈಯಲ್ಲಿರಲಿ.